ನೋವಿಲ್ಲ ಎಂದ ಮೇಷ್ಟ್ರು

ಅಪ್ಪನ ಮೂಗಿನಲ್ಲಿ ದುರ್ಮಾಂಸ ಬೆಳೆದಿತ್ತು. ಕುಣಿಗಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುವಾಗ ಎರಡು ಮಾತಿಗೊಮ್ಮೆ ನಿಂತು ಬಾಯಲ್ಲಿ ಉಸಿರೆಳೆದುಕೊಳ್ಳುತ್ತಿದ್ದರು. ಅಮ್ಮ ಇರಲಿಲ್ಲ, ಗಂಡನ ಮನೆಯಿಂದ ನಾನೇ ಬಂದು ಅವರನ್ನು ತುಮಕೂರಿಗೆ ಹೊರಡಿಸಿದೆ. ಅಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಡಾಕ್ಟರು, ಅಪ್ಪ ಹಿಂದೆ ಗುಬ್ಬಿಯಲ್ಲಿದ್ದಾಗ ಅವರ ಕೈಲಿ ಅಕ್ಷರ ತಿದ್ದಿದವರು. ಪ್ರತಿ ಯುಗಾದಿಗೂ ಮನೆಗೆ ಬಂದು ಕಾಲಿಗೆ ಬೀಳುತ್ತಿದ್ದರು. ಅವರ ಮಾತು ಬಂದರೆ ಸಾಕು, ಅಪ್ಪ ಒಂದು ಗೇಣು ಎತ್ತರವಾಗುತ್ತಿದ್ದರು. ಸ್ವಂತ ಮಗಳ ವಿಷಯದಲ್ಲಿ ಹಾಗಾದದ್ದನ್ನು ನಾನು ಕಂಡಿಲ್ಲ.

ಆ ಕಾಲದಲ್ಲಿ ಇದಕ್ಕೆಲ್ಲ ಪ್ರಜ್ಞೆ ತಪ್ಪಿಸುತ್ತಿರಲಿಲ್ಲ. ಮರಗಟ್ಟಿಸುವ ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ಮೂಗಿನೊಳಗೆ ತುರುಕಿ, ಅದು ಹಿಡಿಯುವವರೆಗೆ ಕಾದು, ಕುರ್ಚಿಯಲ್ಲಿ ಕೂರಿಸಿಕೊಂಡೇ ತಂತಿಯ ಕುಣಿಕೆ ಹಾಕಿ ಮಾಂಸ ಕೀಳುವುದು. ಡಾಕ್ಟರು ಮೊದಲು ಅಪ್ಪನ ಕಾಲು ಮುಟ್ಟಿದರು, ಆಮೇಲೆ ಕೈ ತೊಳೆದು ಹತ್ತಿ ಇಟ್ಟರು. ಮೇಷ್ಟ್ರ ಮುಖಕ್ಕೇ ಆಯುಧ ಹಿಡಿಯಬೇಕಲ್ಲ, ಕೈ ನಡುಗುತ್ತಿತ್ತು. ಬೇಗ ಮುಗಿಸಿಬಿಡುವ ಆತುರದಲ್ಲಿ ಸ್ವಲ್ಪ ಹೊತ್ತಿಗೇ ಹತ್ತಿ ತೆಗೆದು, "ಮರಗಟ್ತಾ ಮೇಷ್ಟ್ರೆ?" ಎಂದರು.

"ಆಗಿದೆ ಕಣಪ್ಪ, ನೀನು ಶುರು ಮಾಡು."

ತಲೆ ಅಲ್ಲಾಡದಂತೆ ಹಿಡಿದುಕೊಂಡಿದ್ದವಳು ನಾನು. ತಂತಿ ಒಳಗೆ ಹೋದಾಗ ಅಪ್ಪನ ದವಡೆ ನನ್ನ ಅಂಗೈಯಡಿ ಕಲ್ಲಾಯಿತು. ಕಣ್ಣೀರು ನನ್ನ ಬೆರಳ ಮೇಲೆ ಇಳಿಯಿತು. ಮೂಗು ಮುಟ್ಟಿದರೆ ಯಾರಿಗಾದರೂ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡರೇನೋ ಡಾಕ್ಟರು. ಆದರೂ ಎರಡು ಸಲ ಕೇಳಿದರು, ನೋವಾಗ್ತಿದೆಯಾ ಎಂದು. ಎರಡು ಸಲವೂ ಅಪ್ಪ "ಇಲ್ಲ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮಣಿಕಟ್ಟು ಅದುಮಿ ಹಿಡಿದರು, ಸುಮ್ಮನಿರು ಎನ್ನುವಂತೆ.

ಬಸ್ಸಿನಲ್ಲಿ ಚೆನ್ನಾಗಿ ಬೈದೆ. "ಅವನ ಕೈ ನಡುಗ್ತಿತ್ತಲ್ಲಮ್ಮ. ನಾನು ಅಯ್ಯೋ ಅಂದಿದ್ರೆ ಹುಡುಗ ಎದೆಗೆಟ್ಟುಬಿಡ್ತಿದ್ದ" ಎಂದರು. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?

ಡಾಕ್ಟರಿಗೆ ಧೈರ್ಯ ಬಂತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಬಂತು. ಹತ್ತಿಯನ್ನು ಅಷ್ಟೇ ಹೊತ್ತು ಇಟ್ಟರೆ ಸಾಕು ಎಂದು ನಂಬಿಬಿಟ್ಟರು. ಹೆದರಿದವರಿಗೆಲ್ಲ, "ನಮ್ಮ ಮೇಷ್ಟ್ರು ಆರಾಮಾಗಿ ಕೂತಿದ್ರು, ನಿಮಗೇನು?" ಎನ್ನುತ್ತಿದ್ದರಂತೆ. ಅಮೃತೂರಿನಿಂದ ನಮಗೆ ಬೆಣ್ಣೆ ತರುತ್ತಿದ್ದ ಹೆಂಗಸಿಗೂ ಇದೇ ಕಾಯಿಲೆ. ಅವಳನ್ನು ಅಲ್ಲಿಗೆ ಕಳಿಸಿದ್ದು ಸ್ವತಃ ಅಪ್ಪನೇ.

ನಾನು ತವರಿಗೆ ಬಂದಿದ್ದಾಗಲೇ, ಒಂದು ಹೊಳ್ಳೆ ಮಾಡಿಸಿಕೊಂಡು ಬಂದವಳು ನಮ್ಮ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಳು. "ನಾಚ್ಕೆಗೇಡು ಮೇಷ್ಟ್ರೆ. ನೀವು ನಗ್ತಾ ಕೂತಿದ್ರಂತೆ. ನಾನು ಬೀದಿಗೆಲ್ಲಾ ಕೇಳಂಗೆ ಕಿರುಚ್ಬುಟ್ಟೆ. ನಮ್ಮೆಜಮಾನ್ರು ಇವತ್ಗೂ ಆಡ್ಕೊಂಡ್ ನಗ್ತಾರೆ. ಇನ್ನೊಂದ್ ಕಡೆದು ಹಂಗೇ ಇರ್ಲಿ ಬುಡಿ, ನಾನು ಒಲ್ಲೆ."

ಅವಳು ಹೋದ ಮೇಲೆ ಅಪ್ಪ ಊಟಕ್ಕೆ ಏಳಲಿಲ್ಲ. "ಅದು ನನ್ನ ಕೂಗು ಕಣಮ್ಮ. ಅವತ್ತು ನಾನು ನುಂಗಿಕೊಂಡದ್ದನ್ನ ಅವಳು ಕೂಗಿದಾಳೆ" ಎಂದರು. ನಾನು ಗಂಡನ ಮನೆಗೆ ಮರಳಿದ ಮೇಲೆ, ಪಾಠದ ನಡುವೆ ಸೀಮೆಸುಣ್ಣ ಹಿಡಿದುಕೊಂಡೇ ನಿಂತುಬಿಡುತ್ತಿದ್ದರಂತೆ, ದೂರದಲ್ಲಿ ಯಾರೋ ಕಿರುಚಿದ್ದು ಕೇಳಿಸಿತೇ ಎಂದು ಮಕ್ಕಳನ್ನು ಕೇಳುತ್ತಿದ್ದರಂತೆ. ಸುದ್ದಿ ತಿಳಿದು ನನಗೆ ಭಯವಾಯಿತು. ನಾನೇ ಬಂದು ಮತ್ತೆ ತುಮಕೂರಿಗೆ ಕರೆದುಕೊಂಡು ಹೋದೆ.

ಅಪ್ಪ ನಿಂತುಕೊಂಡೇ ಹೇಳಿದರು. "ಅವತ್ತು ನಂಗೆ ನೋವಾಗಿತ್ತು ಕಣಪ್ಪ, ಮೊದಲಿಂದ ಕೊನೇವರೆಗೂ. ನೀನು ಇನ್ನೂ ಕಾಯ್ಬೇಕಿತ್ತು."

ಡಾಕ್ಟರು ನಕ್ಕರು. "ಆ ಹೆಂಗಸಿನ ಮೇಲೆ ಕನಿಕರ ಬಂತಾ ಮೇಷ್ಟ್ರೆ?" ಅಪ್ಪ ನಗದಿದ್ದುದನ್ನು ಕಂಡು ನನ್ನ ಕಡೆ ತಿರುಗಿದರು. ನೋವಾಗಿದ್ದು ನಿಜ ಎಂದೆ ನಾನು. ಅವರ ಮುಖ ಬಿಳಿಚಿಕೊಂಡಿತು.

"ಎರಡು ಸಲ ಕೇಳಿದ್ನಲ್ಲ, ಮೇಷ್ಟ್ರೆ..."

ನಾವು ಹೊರಟಾಗ ಕಾಲು ಮುಟ್ಟಲಿಲ್ಲ. ಆ ಯುಗಾದಿಗೆ ಬರಲೂ ಇಲ್ಲ. ಅಪ್ಪ ಹೊಸ ಪಂಚೆ ಉಟ್ಟು, ಹೋಳಿಗೆ ಆರಿ ತಣ್ಣಗಾಗುವವರೆಗೆ ಬಾಗಿಲಲ್ಲೇ ಕೂತಿದ್ದರು. ನನಗೆ ಆ ಡಾಕ್ಟರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಬೆಣ್ಣೆಯವಳನ್ನು ಅಪ್ಪ ಬಲವಂತ ಮಾಡಿ ಇನ್ನೊಮ್ಮೆ ಕಳಿಸಿದರು. ನಿನ್ನ ಧೈರ್ಯದಲ್ಲಿ ಕೊರತೆ ಇರಲಿಲ್ಲ, ನನಗೂ ಹಾಗೇ ನೋವಾಗಿತ್ತು ಎಂದು ಅವಳ ಗಂಡನ ಎದುರಿಗೇ ಹೇಳಿದರು. ಅವಳು ಗೊಣಗುತ್ತಲೇ ವಾಪಸು ಬಂದಳು.

"ಅದೇನ್ ಡಾಕ್ಟ್ರೋ! ಹತ್ತಿ ತುರ್ಕ್‌ಬುಟ್ಟು ಹೊತ್ತುಗಟ್ಲೆ ಕೂರ್ಸವ್ರೆ. ಬಸ್ಸೂ ತಪ್ಪೋಯ್ತು."

"ನೋವಾಯ್ತಾ?" ಎಂದರು ಅಪ್ಪ.

"ಇಲ್ಲ ಮೇಷ್ಟ್ರೆ, ಗೊತ್ತೇ ಆಗ್ಲಿಲ್ಲ."

ಅಪ್ಪ ಅವಳ ಮುಖವನ್ನೇ ನೋಡುತ್ತಾ ಕೂತರು. ಇಲ್ಲ ಎನ್ನುವುದು ಎಷ್ಟು ಸುಲಭ ಎಂದು ಅವರಿಗೆ ಗೊತ್ತಿತ್ತು.

"ನಿಜ ಹೇಳವ್ವ" ಎಂದರು. "ನಂಗೆ ಬೇಜಾರಾಗುತ್ತೆ ಅಂತ ಇಲ್ಲ ಅಂತಿದೀಯಾ?"