ಗಂಗವ್ವನ ತಾಟು, ಯುರೋಪಿನ ಒಕ್ಕೂಟ

ತಾಟಿಗೆ ಕಾಲಿಲ್ಲ. ಆದರೂ ನಾಗರ ಪಂಚಮಿಯ ಮುಂಚಿನ ರೊಟ್ಟಿ ಹಬ್ಬದ ದಿನ ನಮ್ಮ ಕೆಂಭಾವಿಯ ಓಣಿಯಲ್ಲಿ ಅದು ನಡೆದಷ್ಟು ನಾನು ವರ್ಷವಿಡೀ ನಡೆಯುವುದಿಲ್ಲ. ಸಜ್ಜಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಹೊತ್ತು ಮನೆಯಿಂದ ಮನೆಗೆ ತಿರುಗುತ್ತದೆ. ಇರುವುದೊಂದೇ ಕಾಯಿದೆ: ಬಂದ ತಾಟನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದು.

ಈ ಕಾಯಿದೆಯಿಂದಾಗಿಯೇ ಪಕ್ಕದ ಮನೆಯ ಗಂಗವ್ವನ ತಾಟು ಒಂದು ವರ್ಷ ನನ್ನ ಅಡುಗೆಮನೆಯ ಹಲಗೆಯ ಮೇಲೆ ಕೂತಿತ್ತು. ಹೋದ ಹಬ್ಬದಲ್ಲಿ ನನ್ನ ಮೈದುನನ ಹೆಂಡತಿ, ನೆಗೆಣ್ಣಿ ನೀಲಮ್ಮ ಅವಳ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ರೊಟ್ಟಿ ಏನವಾ, ಸಗಣಿ ಕುಳ್ಳು ಏನವಾ? ತಿನ್ನಬೇಕೋ, ಒಲಿಗಿ ಹಾಕಬೇಕೋ?" ಎಂದಿದ್ದಳು. "ಇನ್ನ ಮ್ಯಾಲ ನಿಮ್ಮ ಓಣಿಗಿ ನನ್ನ ರೊಟ್ಟಿ ಬರಂಗಿಲ್ಲ" ಎಂದು ಗಂಗವ್ವ ಎದ್ದು ಹೋದಳು. ಅದು ಅವಳದೂ ಓಣಿ ಎಂಬುದು ಆ ಸಿಟ್ಟಿನಲ್ಲಿ ಯಾರಿಗೂ ನೆನಪಾಗಲಿಲ್ಲ. ತಾಟನ್ನು ಬರಿದಾಗಿ ಕೊಟ್ಟರೆ ಅಪಶಕುನ, ತುಂಬಿ ಕೊಟ್ಟರೆ ಅವಳ ಶಪಥಕ್ಕೆ ಅವಮಾನ. ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಹೋದ ಮೇಲೆ ದಿನಾ ಸಂಜೆ ನನ್ನ ಕಟ್ಟೆಗೆ ಬಂದು ಕೂರುತ್ತಿದ್ದವಳು ಅವಳೊಬ್ಬಳೇ, ಮೊಮ್ಮಕ್ಕಳೇ. ಅದೂ ನಿಂತಿತು. ನಾನಾಗಿ ಮಾತಾಡಿಸಲು ನನಗೆ ಹುಟ್ಟಿನಿಂದ ಬಂದ ನಾಚಿಕೆ.

ಈ ಸಲ ನಾನೂ ನೀಲಮ್ಮನೂ ರೊಟ್ಟಿ ಬಡಿಯುತ್ತಿದ್ದಾಗ, ನಿಮ್ಮೊಳಗೆ ದೊಡ್ಡವಳಾದ ಅಕ್ಷತಾ ಶಹಾಪುರದ ರಸಪ್ರಶ್ನೆಗೆಂದು ಯುರೋಪಿನ ಒಕ್ಕೂಟದ ಇಪ್ಪತ್ತೇಳು ದೇಶಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನೀಲಮ್ಮನಿಗೆ ಅದು ಬೀಗರ ಮನೆಯ ಸುದ್ದಿಯಂತೆ ಕೇಳಿಸಿರಬೇಕು; ಯಾರ್ಯಾರು ಸೇರಿಲ್ಲ ಎಂದು ಅಕ್ಷತಾಳನ್ನು ಕೇಳಿದಳು.

"ಸ್ವಿಟ್ಜರ್ಲೆಂಡ್ ನಟ್ಟ ನಡುವ ಐತಿ, ಆದ್ರ ಸೇರಿಲ್ಲ ಸಣ್ಣಾಯಿ."

"ನಡು ಓಣ್ಯಾಗ ಮನಿ ಇಟ್ಕೊಂಡು ತಾಟು ಕಳ್ಸಂಗಿಲ್ಲಂದ್ರ ಎಂಥಾ ಸೊಕ್ಕು!"

"ನಾರ್ವೆನೂ ಸೇರಿಲ್ಲ. ವ್ಯಾಪಾರ ಅಷ್ಟ ಮಾಡ್ತದ."

"ಚಟ್ನಿ ಬೇಕು, ರೊಟ್ಟಿ ಬ್ಯಾಡ. ತಿಳೀತು ಬಿಡು."

"ಬ್ರಿಟನ್ ಮೊದ್ಲ ಇತ್ತು, ಬಿಟ್ಟು ಹೋತು."

ನೀಲಮ್ಮನ ಕೈ ಹಿಟ್ಟಿನ ಮೇಲೇ ನಿಂತಿತು. "ಅದರ ರೊಟ್ಟಿಗಿ ಯಾರು ಏನಂದ್ರು?"

ಯಾವಾಗಲೂ ಬಾಯಿ ತೆರೆಯದ ನಾನು ಕೇಳಿಬಿಟ್ಟೆ: "ಬಿಟ್ಟವ್ರು ತಿರುಗಿ ಬರಬಹುದೇನವಾ?"

"ಬರಬಹುದು ಆಯಿ. ಅರ್ಜಿ ಹಾಕ್ಬೇಕು. ಒಳಗಿದ್ದವ್ರೆಲ್ಲಾ ಹೂಂ ಅನ್ಬೇಕು."

ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಬೆಳಗಿನಿಂದಲೂ ಕೇಳುತ್ತಿತ್ತು. ಒಂಟಿ ಜೀವಕ್ಕೆ ಅಷ್ಟು ರೊಟ್ಟಿ ಯಾಕೆ ಎಂದು ನಾನು ಯೋಚಿಸುವುದರೊಳಗೆ ನೀಲಮ್ಮ ಎದ್ದು ಗೋಡೆಯ ಕಡೆ ಕೂಗಿದಳು: "ಗಂಗವ್ವಾ! ನಾ ಹೂಂ ಅಂದೀನಿ, ಅರ್ಜಿ ಹಾಕು!"

ಸಪ್ಪಳ ನಿಂತಿತು. "ಯಾವ ಅರ್ಜಿ?"

"ಬ್ರಿಟನ್ ಅರ್ಜಿ! ಬಿಟ್ಟು ಹೋದವ್ರು ತಿರುಗಿ ಬರೂದು!"

"ಏ ಹೋಗ! ನಾ ಯಾಕ ಹಾಕ್ಲಿ? ನನ್ನ ತಾಟು ನಿಮ್ಮ ಮನ್ಯಾಗನ ಐತಿ. ನಾ ಬಿಟ್ಟು ಹೋಗೀನಂತ ಯಾರು ಹೇಳ್ಯಾರ?"

ಯುರೋಪಿನ ಯಾವ ವಕೀಲನಿಗೂ ಹೊಳೆಯದ ವಾದ. ನಾನು ಹಲಗೆಯ ಮೇಲಿನ ತಾಟನ್ನು ಇಳಿಸಿ, ತೊಳೆದು, ತುಂಬಿ, ಸೆರಗು ಹೊದ್ದು ನಾನೇ ಹೊತ್ತು ಹೋದೆ. ಗಂಗವ್ವ ಅದನ್ನು ಖಾಲಿ ಮಾಡಿ, ತನ್ನ ರೊಟ್ಟಿ ತುಂಬಿ ಮತ್ತೆ ನನ್ನ ಕೈಗೇ ಇಟ್ಟಳು. "ನಿನ್ನ ಹತ್ರನ ಇರ್ಲಿ" ಎಂದಳು. ಸಂಜೆ ಕಟ್ಟೆಗೆ ಬಂದು ಕೂತಳು.

ರೊಟ್ಟಿ ಈಗಲೂ ಕುಳ್ಳಿನಂತೆಯೇ ಇತ್ತು. ಒಕ್ಕೂಟದ ಹಿತಕ್ಕಾಗಿ ನೀಲಮ್ಮ ಸುಮ್ಮನೆ ಅಗಿದಳು. ತಾಟು ಮತ್ತೆ ನನ್ನ ಹಲಗೆಯ ಮೇಲಿದೆ. ಅದಕ್ಕೆ ಕಾಲಿಲ್ಲ, ಬೇಕಾದಾಗ ನನ್ನ ಕಾಲುಗಳಿವೆ.