ಒರೆಸಿಹೋದ ರಿವೆಟ್ಟುಗಳು

ಸಹಕಾರನಗರದಲ್ಲಿರುವ ನನ್ನ ಬೀಗರ ಮನೆಯ ಷೋಕೇಸಿನಲ್ಲಿ ಒಂದು ಪ್ಲಾಸ್ಟಿಕ್ ವಿಮಾನ ಇದೆ. ಮೊಳದುದ್ದದ್ದು. ಮಹಾಯುದ್ಧದ ಕಾಲದಲ್ಲಿ ಬಾಂಬು ಹಾಕಲು ಹೋಗುತ್ತಿದ್ದ ವಿಮಾನದ ಪಡಿಯಚ್ಚು. ನಾಲ್ಕು ಇಂಜಿನ್ನು, ಹಿಂದೆ ಎರಡು ಬಾಲ. ಎಡಗಡೆಯ ರೆಕ್ಕೆ ಸ್ವಲ್ಪ ಜೋತುಬಿದ್ದಿದೆ. ಆ ಮನೆಗೆ ಹೋದಾಗಲೆಲ್ಲ ನಾನು ಷೋಕೇಸಿಗೆ ಬೆನ್ನು ಹಾಕಿ ಕೂರುವ ಕುರ್ಚಿಯನ್ನೇ ಹುಡುಕಿಕೊಳ್ಳುತ್ತೇನೆ.

ನಾನು ಓದಿದ್ದು ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ಯಶವಂತಪುರದಲ್ಲಿ ಲಾರಿ, ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಉಪ್ಪುಕಾಗದ ಉಜ್ಜುತ್ತ ಕಸುಬು ಕಲಿತೆ. ಈಗ ಯಲಹಂಕದಲ್ಲಿ ನನ್ನದೇ ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜು ಇದೆ. ಗುದ್ದಿಸಿಕೊಂಡು ಬಂದ ಕಾರನ್ನು ವಾಪಸ್ ಒಯ್ಯುವಾಗ ಯಾವ ಬಾಗಿಲು ನೆಗ್ಗಿತ್ತು ಅಂತ ಓನರೇ ಹುಡುಕಬೇಕು, ಹಾಗೆ ಮಾಡಿ ಕೊಡುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬೆವರು ಸುರಿಸಿ ಸಂಪಾದಿಸಿದ ಮಾತು. ಆದರೆ ಇನ್ನೊಂದನ್ನೂ ಹೇಳಬೇಕು. ಕೈಗೆ ಕಸುಬು ಹತ್ತಿದ ಮೇಲೆ ನಾನು ಯಾರನ್ನೂ ‘ಇದು ಹೇಗೆ ಮಾಡೋದು’ ಅಂತ ಕೇಳಿದವನಲ್ಲ. ಕೇಳಿದರೆ ಓದದವನು ಅಂತ ಎದುರಿನವರಿಗೆ ಗೊತ್ತಾಗಿಬಿಡುತ್ತದೆ ಎಂಬ ಅಳುಕು ಒಳಗೆ ಎಲ್ಲೋ ಇತ್ತು. ಅದಕ್ಕೆ ನಾನು ಸ್ವಾಭಿಮಾನ ಅಂತ ಹೆಸರಿಟ್ಟುಕೊಂಡಿದ್ದೆ.

ಮಗಳು ತಾನೇ ಮೆಚ್ಚಿ ಮದುವೆಯಾದಳು. ಹುಡುಗನ ತಂದೆ ಬ್ಯಾಂಕಿನಲ್ಲಿ ಆಫೀಸರಾಗಿದ್ದು ನಿವೃತ್ತರಾದವರು. ಮೆತ್ತಗೆ ಮಾತಾಡುವ ಮನುಷ್ಯ. ನಾನು ಹೋದರೆ ಎದ್ದು ನಿಂತು ‘ಬನ್ನಿ ಬೀಗರೇ’ ಅನ್ನುತ್ತಾರೆ. ಆ ಮರ್ಯಾದೆಗೂ ನನಗೆ ಒಂಥರಾ ಮುಜುಗರ. ಅವರ ಮಾತಿನ ಮಧ್ಯೆ ಬರುವ ಇಂಗ್ಲಿಷಿಗೆ ತಲೆ ಆಡಿಸಿ, ಆಮೇಲೆ ಅರ್ಥ ಏನಿರಬಹುದು ಅಂತ ಯೋಚಿಸುತ್ತ ಕೂರುತ್ತಿದ್ದೆ.

ದಸರಾ ಅಂದರೆ ನಮ್ಮ ಮನೆಯಲ್ಲಿ ಆಯುಧಪೂಜೆ. ಅವರ ಮನೆಯಲ್ಲಿ ಗೊಂಬೆ. ಮೆಟ್ಟಿಲು ಕಟ್ಟಿ ಬಿಳಿ ಪಂಚೆ ಹಾಸಿ, ಮೇಲೆ ಪಟ್ಟದ ಗೊಂಬೆ ಕೂರಿಸಿ, ಕೆಳಗೆ ನೆಲದ ಮೇಲೆ ಪ್ರತಿ ವರ್ಷ ಏನಾದರೂ ಒಂದು ದೃಶ್ಯ ಮಾಡುತ್ತಾರೆ. ಹೋದ ದಸರಾಗೆ ಬೀಗರು ವಿಮಾನ ನಿಲ್ದಾಣ ಮಾಡೋಣ ಅಂದರಂತೆ. ಕಾರಣ ಅವರ ತಂದೆ. ಯುದ್ಧದ ಕಾಲದಲ್ಲಿ ಇಂಥ ದೊಡ್ಡ ವಿಮಾನಗಳು ರಿಪೇರಿಗೆ ಬೆಂಗಳೂರಿಗೆ ಬರುತ್ತಿದ್ದವಂತೆ. ಅವರ ತಂದೆ ಆಗ ಹರೆಯದವರು, ರೆಕ್ಕೆಯ ತಗಡುಗಳನ್ನು ಕೂಡಿಸುವ ಮೊಳೆ, ಅಂದರೆ ರಿವೆಟ್, ಹೊಡೆಯುವ ಕೆಲಸದಲ್ಲಿದ್ದರಂತೆ. ಬೀಗರು ಅಂಥದೇ ವಿಮಾನದ ಬಿಡಿ ತುಂಡುಗಳ ಡಬ್ಬಿ ತರಿಸಿ, ಮಳೆಗಾಲವೆಲ್ಲ ಕೂತು ಒಂದೊಂದೇ ತುಂಡು ಅಂಟಿಸಿದ್ದರು. ಅಂಟು ಒಣಗುವವರೆಗೆ ಬಟ್ಟೆಗೆ ಹಾಕುವ ಕ್ಲಿಪ್ಪು ಸಿಕ್ಕಿಸಿ, ರಬ್ಬರ್ ಬ್ಯಾಂಡು ಸುತ್ತಿ ಇಡುತ್ತಿದ್ದರಂತೆ. ಆದರೆ ಅವರ ಕೈ ನಡುಗುತ್ತದೆ. ಅಂಟಿಸುವುದು ಹೇಗೋ ಆಯಿತು, ಬಣ್ಣ ಹಚ್ಚುವುದು ಆಗಲಿಲ್ಲ.

ಆಗ ನನ್ನ ಮಗಳು ಮುಂದೆ ಬಂದಿದ್ದಾಳೆ. ಆ ಮನೆಯಲ್ಲಿ ಅವಳಿಗೆ ಅದು ಮೊದಲ ದಸರಾ. “ನಮ್ಮಪ್ಪನಿಗೆ ಕೊಡಿ ಮಾವ, ಬಣ್ಣದಲ್ಲಿ ಅವರನ್ನ ಮೀರಿಸೋರಿಲ್ಲ” ಅಂದಳಂತೆ. ಬೀಗರು ನನಗೆ ಇದನ್ನು ಹೇಳುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನನ್ನ ಎದೆ ಉಬ್ಬಿತು. ಆ ಮನೆಯಲ್ಲಿ ನನಗೂ ಒಂದು ಜಾಗ ಸಿಕ್ಕಿತು ಅನ್ನಿಸಿತು.

ಬೀಗರು ವಿಮಾನವನ್ನು ಕೂಸಿನ ಹಾಗೆ ಎತ್ತಿ ತಂದು ಬೆಳಕಿಗೆ ಹಿಡಿದರು. ರೆಕ್ಕೆಯ ಮೇಲೆ ಸಾಲು ಸಾಲು ಚುಕ್ಕೆ, ರಾಗಿ ಕಾಳಿಗಿಂತ ಸಣ್ಣವು. “ಇವೇ ರಿವೆಟ್ಟುಗಳು ಬೀಗರೇ. ಎಷ್ಟು ಚೆನ್ನಾಗಿ ಮೂಡಿಸಿದ್ದಾರೆ ನೋಡಿ” ಅಂದರು. ನಡುಗುವ ಬೆರಳಿನಿಂದ ಆ ಸಾಲನ್ನು ಸವರಿದರು. ಆಮೇಲೆ ಪುಟ್ಟ ಪುಟ್ಟ ಬಣ್ಣದ ಶೀಶೆಗಳು, ಹುಬ್ಬು ತೀಡುವಂಥ ಸಣ್ಣ ಬ್ರಷ್ಷು ಇದ್ದ ಪೆಟ್ಟಿಗೆ ಕೊಟ್ಟು, “ಇದು ನೀರಲ್ಲಿ ಕಲಸೋ ಬಣ್ಣ. ಈ ಪ್ಲಾಸ್ಟಿಕ್ಕಿಗೆ ಇದೇ ಆಗ್ಬೇಕಂತೆ, ಯಾಕಂದ್ರೆ...” ಅಂತ ಶುರುಮಾಡಿದರು.

“ಬಿಡಿ ಬೀಗರೇ” ಅಂದೆ. “ಬಣ್ಣದ ವಿಷ್ಯ ನನಗೆ ಬಿಡಿ.”

ಅವರು ಮುಗುಳ್ನಕ್ಕು ಸುಮ್ಮನಾದರು. ಆ ‘ಯಾಕಂದ್ರೆ’ ಆದ ಮೇಲೆ ಏನಿತ್ತು ಅಂತ ಕೇಳಿಸಿಕೊಂಡಿದ್ದರೆ ಸಾಕಿತ್ತು.

ಮನೆಗೆ ತಂದಾಗ ನನ್ನ ಹೆಂಡತಿ, ಬಸ್ಸಿಗೆ ಬಣ್ಣ ಹೊಡೆದ ಕೈ ಇದಕ್ಕೆ ಬಗ್ಗುತ್ತಾ ನೋಡಿಕೊಳ್ಳಿ ಅಂದಳು. ಗ್ಯಾರೇಜಿಗೆ ಒಯ್ದಾಗ ಪಕ್ಕದ ಬ್ಯಾಟರಿ ಅಂಗಡಿಯವನು ಇಣುಕಿ, “ಏನ್ ಗುರು, ಏರ್‌ಫೋರ್ಸ್ ಕಾಂಟ್ರಾಕ್ಟಾ?” ಅಂದ. ನಾನೂ ನಕ್ಕು, ಇನ್ನು ಮೇಲೆ ಕಾರು ಮುಟ್ಟುವುದಿಲ್ಲ ಅಂದೆ. ಶೀಶೆಗಳ ಪೆಟ್ಟಿಗೆಯನ್ನು ಬಿಚ್ಚಿ ನೋಡಿ ಹಾಗೇ ಮುಚ್ಚಿ ಬೀರುವಿನಲ್ಲಿಟ್ಟೆ. ಮಕ್ಕಳ ಆಟದ ಬಣ್ಣ ಅನ್ನಿಸಿತು. ಕಾರಿಗೆ ಹೊಡೆಯುವ ಬಣ್ಣದಲ್ಲೇ ಪಾಚಿ ಹಸಿರು ಬೆರೆಸಿದೆ, ಹೊಟ್ಟೆಗೆ ಬೂದು ಬಣ್ಣ ಮಾಡಿಕೊಂಡೆ. ಛಾಯೆ ಮಾತ್ರ ಡಬ್ಬಿಯ ಮೇಲಿದ್ದ ಚಿತ್ರದ ಹಾಗೆಯೇ ಬಂದಿತ್ತು.

ಯಾವುದಕ್ಕೇ ಬಣ್ಣ ಹೊಡೆಯಲಿ, ಮೊದಲು ಬಣ್ಣ ತೆಳುಮಾಡುವ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸುವುದು ನಮ್ಮ ಕಸುಬಿನ ಮೊದಲ ಪಾಠ. ಬೆರಳಿನ ಜಿಡ್ಡು ಉಳಿದರೆ ಬಣ್ಣ ಕಚ್ಚುವುದಿಲ್ಲ. ಲೆಕ್ಕವಿಲ್ಲದಷ್ಟು ಬಂಪರುಗಳನ್ನು ಹಾಗೆ ಒರೆಸಿದ್ದೇನೆ. ಬಂಪರೂ ಪ್ಲಾಸ್ಟಿಕ್ಕೇ ತಾನೇ, ಏನೂ ಆಗಿಲ್ಲ. ಪ್ಲಾಸ್ಟಿಕ್ಕಿನಲ್ಲೂ ಜಾತಿ ಬೇರೆ ಬೇರೆ ಇರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಪೈಲಟ್ ಕೂರುವ ಜಾಗದ ಗಾಜಿಗೆ ಟೇಪು ಅಂಟಿಸಿ, ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಹಿಂಡಿ, ಎಡ ರೆಕ್ಕೆಯನ್ನು ಬುಡದಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಒರೆಸಿದೆ.

ಬಟ್ಟೆ ಹಿಡಿದುಕೊಂಡಿತು. ಬಂಪರಿನ ಮೇಲೆ ಜಾರುವ ಹಾಗೆ ಜಾರಲಿಲ್ಲ. ಎತ್ತಿ ನೋಡಿದರೆ ರೆಕ್ಕೆಯ ಮೇಲೆ ಬಟ್ಟೆಯ ಎಳೆಗಳು ಅಂಟಿಕೊಂಡಿದ್ದವು. ಚುಕ್ಕೆಗಳ ಸಾಲು ಇರಲಿಲ್ಲ. ಸ್ಲೇಟಿನ ಮೇಲಿನ ಅಕ್ಷರವನ್ನು ಒದ್ದೆ ಕೈಯಲ್ಲಿ ಒರೆಸಿದ ಹಾಗೆ ಹೋಗಿಬಿಟ್ಟಿತ್ತು. ಮುಟ್ಟಿದೆ, ನನ್ನ ಬೆರಳಿನ ಗೆರೆಗಳು ಅಲ್ಲಿ ಮೂಡಿದವು.

ಅಲ್ಲಿಗೆ ನಿಲ್ಲಿಸಿದ್ದರೆ ಒಂದು ರೆಕ್ಕೆಯ ಮೇಲ್ಮೈ ಅಷ್ಟೇ ಹಾಳಾಗುತ್ತಿತ್ತು. ಬೀಗರಿಗೆ ಫೋನ್ ಮಾಡಿ ಹೀಗಾಗಿದೆ, ಏನು ಮಾಡಲಿ ಅಂದಿದ್ದರೆ ಹೇಳುತ್ತಿದ್ದರು. ಫೋನು ಜೇಬಿನಲ್ಲೇ ಇತ್ತು. ನಾನು ತೆಗೆಯಲಿಲ್ಲ. ನೆಗ್ಗಿದ ಬಾಗಿಲಿಗೆ ಮಾಡುವ ಹಾಗೆ ತಗ್ಗು ತುಂಬುವ ಪಟ್ಟಿ ಲೇಪ ಬಳಿದೆ, ಒಣಗಿಸಿ ಉಜ್ಜಿದೆ, ಆಮೇಲೆ ಇಡೀ ವಿಮಾನಕ್ಕೆ ಸ್ಪ್ರೇ ಗನ್ನಿನಲ್ಲಿ ಬಣ್ಣ ಹೊಡೆದೆ. ತಪ್ಪು ಕಾಣಬಾರದು ಅಂತ ಕಾರಿಗೆ ಕೊಡುವ ಹಾಗೆ ಒದ್ದೆಯಾಗಿ, ದಪ್ಪಗೆ ಕೊಟ್ಟೆ. ಹೊಡೆದಾಗ ಕನ್ನಡಿ ಹಾಗೆ ಹೊಳೆಯಿತು. ಊಟ ಮಾಡಿ ಬಂದು ನೋಡುತ್ತೇನೆ, ಮೈಯೆಲ್ಲ ಬಿರಿದ ಕೆರೆಯ ಮಣ್ಣಿನಂತಾಗಿತ್ತು. ಪಟ್ಟಿ ಬಳಿದಿದ್ದ ರೆಕ್ಕೆ ಮೆತ್ತಗಾಗಿ ತನ್ನ ಭಾರಕ್ಕೇ ಬಾಗಿತ್ತು. ಟೇಪು ಕಿತ್ತರೆ ಗಾಜು ಪೊರೆ ಬಂದ ಕಣ್ಣಿನ ಹಾಗೆ ಮಂಜಾಗಿತ್ತು.

ಗೊಂಬೆ ಕೂರಿಸುವುದಕ್ಕೆ ಒಂದು ದಿನ ಮುಂಚೆ ಅದನ್ನು ಒಯ್ದೆ. ಹೆಬ್ಬಾಳದ ಕಡೆ ಹೋಗುವ ಆ ರಸ್ತೆಯ ಟ್ರಾಫಿಕ್ಕನ್ನು ನಾನು ಯಾವತ್ತೂ ಬೈಯುತ್ತಿದ್ದೆ. ಅವತ್ತು ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ ಅನ್ನಿಸಿತು. ಅವರ ಮನೆಯಲ್ಲಿ ತಟ್ಟೆಗಳಲ್ಲಿ ರಾಗಿ ಪೈರು ಹಸಿರಾಗಿ ಎದ್ದಿತ್ತು. ವಿಮಾನ ನಿಲ್ದಾಣದ ಹುಲ್ಲು ಅದು. ನಡುವೆ ಜಾಗ ಖಾಲಿ ಬಿಟ್ಟಿದ್ದರು. ಬೀಗಿತ್ತಿ ಪಂಚೆ ಹಾಸುತ್ತಿದ್ದವರು ಅದನ್ನು ಅಲ್ಲೇ ಬಿಟ್ಟು ಬಂದರು. ಮಗಳು ಎಲ್ಲರಿಗಿಂತ ಮುಂದೆ ಓಡಿ ಬಂದಳು.

ನಾನು ಬಟ್ಟೆ ಸರಿಸಿದೆ. ಎಲ್ಲರ ಕಣ್ಣೂ ಜೋತುಬಿದ್ದ ರೆಕ್ಕೆಯ ಮೇಲೆ ಹೋಯಿತು. ಅವರು ಏನಾದರೂ ಕೇಳುವ ಮೊದಲೇ ನಾನೇ ಬಾಯಿಬಿಟ್ಟೆ. “ಮಾಲೇ ಸರಿ ಇಲ್ಲ ಬೀಗರೇ. ಪ್ಲಾಸ್ಟಿಕ್ಕಲ್ಲೇ ಹುಳುಕು. ಬಣ್ಣ ತಡ್ಕೊಳ್ಳೋ ತಾಕತ್ತಿಲ್ಲ ಇದಕ್ಕೆ.”

ಮಗಳು ಬಗ್ಗಿ ನೋಡುತ್ತಿದ್ದಳು. ಅವಳು ಆಡಿ ಬೆಳೆದದ್ದೇ ಗ್ಯಾರೇಜಿನಲ್ಲಿ. ಸ್ಕೂಲು ಬಿಟ್ಟು ಬಂದು ಬಣ್ಣದ ಡಬ್ಬಿಗಳ ಮಧ್ಯೆ ಹೋಂವರ್ಕ್ ಮಾಡಿದವಳು. ಥಿನ್ನರ್ ವಾಸನೆ ಯಾವುದು, ಸೀಮೆಎಣ್ಣೆ ವಾಸನೆ ಯಾವುದು ಅಂತ ಕಣ್ಣು ಮುಚ್ಚಿ ಹೇಳುವುದನ್ನು ಆಟದ ಹಾಗೆ ಕಲಿಸಿದವನು ನಾನೇ. ಅವಳು ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಮಾವನ ಕಡೆ ತಿರುಗಿದಳು.

“ಹೌದು ಮಾವ. ಮಾಲು ಸರಿ ಇಲ್ಲ ಅನ್ಸುತ್ತೆ.”

ಇಷ್ಟೇ. ನಾನು ಜೀವನದಲ್ಲಿ ಬೈಸಿಕೊಂಡಿದ್ದೇನೆ, ಕೆಲಸ ಕಲಿಯುವಾಗ ಹೊಡೆಸಿಕೊಂಡೂ ಇದ್ದೇನೆ. ಯಾವುದೂ ಆ ಮಾತಿನಷ್ಟು ಒಳಗೆ ಇಳಿದಿಲ್ಲ. ಸುಳ್ಳು ಹೇಳಬೇಡ ಅಂತ ಬೆಳೆಸಿದ ಹುಡುಗಿ, ಹೊಸದಾಗಿ ಸೇರಿದ ಮನೆಯಲ್ಲಿ, ಅಪ್ಪನ ಮಾನ ಉಳಿಸಲು ಸುಳ್ಳು ಹೇಳಿದಳು. ಬೀಗರ ಮಾತು ನನ್ನನ್ನು ಇನ್ನೂ ಕೆಳಗೆ ತಳ್ಳಿತು: “ಅಯ್ಯೋ, ನಾನೇ ಹಳೇ ಸ್ಟಾಕು ತರಿಸಿದ್ದೀನೋ ಏನೋ. ಸುಮ್ನೆ ನಿಮ್ಮ ಟೈಮು ಹಾಳು ಮಾಡ್ದೆ.” ನಾನು ಶೀಶೆಗಳ ಪೆಟ್ಟಿಗೆಯನ್ನು ಟೀಪಾಯಿಯ ಮೇಲಿಟ್ಟು, ಕಾಫಿ ಬೇಡ ಅಂದು, ಹೊರಟುಬಂದೆ.

ಅವರು ವಿಮಾನವನ್ನು ಒಳಗಿಡಲಿಲ್ಲ. ರಾಗಿ ಪೈರಿನ ನಡುವೆ, ರೆಕ್ಕೆಯ ಕೆಳಗೆ ಬೆಂಕಿಕಡ್ಡಿ ಆನಿಸಿ ನಿಲ್ಲಿಸಿದ್ದರು. ದಸರಾ ನಡುವೆ ಒಂದು ಸಂಜೆ ನಾವು ಗಂಡಹೆಂಡತಿ ಹೋಗಿದ್ದಾಗ, ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆ, ಗುಂಡೇಟು ತಿಂದು ವಾಪಸ್ ಬಂದ ವಿಮಾನದ ಹಾಗೇ ಮಾಡಿದ್ದೀರಲ್ಲ, ಯಾರ ಕೈಕೆಲಸ ಅಂತ ಮೆಚ್ಚಿಕೊಂಡರು. ಬೀಗಿತ್ತಿ ನನ್ನ ಕಡೆ ಕೈ ತೋರಿಸಿದರು. ನನ್ನ ಕೈಯಲ್ಲಿ ಕಡಲೆ ಉಸಲಿಯ ದೊನ್ನೆ ಇತ್ತು. ಎಲ್ಲರೂ ನೋಡುತ್ತಿದ್ದರು. ನಾನು ತಲೆ ಬಗ್ಗಿಸಿ ಉಸಲಿ ತಿನ್ನತೊಡಗಿದೆ. ಮಗಳು ದೊನ್ನೆ ಎತ್ತುವ ನೆಪದಲ್ಲಿ ಒಳಗೆ ಹೋದಳು. ಮನೆಗೆ ಬರುವ ದಾರಿಯಲ್ಲಿ ಹೆಂಡತಿ, ಅವಳು ಬಡವಾಗಿದ್ದಾಳೆ ಅಲ್ವಾ ಅಂದಳು. ನಾನು ಗೇರು ಬದಲಾಯಿಸಿದೆ.

ಆಯುಧಪೂಜೆಗೆ ಗ್ಯಾರೇಜಿಗೆ ಬೀಗರನ್ನು ಕರೆಯುವುದು ಮೊದಲೇ ಮಾತಾಗಿತ್ತು. ಕಂಪ್ರೆಸರಿಗೆ ಹಾರ ಹಾಕಿ, ಸ್ಪ್ರೇ ಗನ್ನು, ಸುತ್ತಿಗೆ, ಸ್ಪ್ಯಾನರುಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ ಕುಂಕುಮ ಇಟ್ಟಿದ್ದೆವು. ಬೂದುಗುಂಬಳ ಒಡೆಯುವುದೊಂದು ಬಾಕಿ. ಬೀಗರು ಆಟೋ ಇಳಿದು ಬಂದರು, ಒಬ್ಬರೇ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರಿಂದ ಆ ಪೆಟ್ಟಿಗೆ ತೆಗೆದರು. ಒಳಗೆ ಶೀಶೆಗಳು ನಾನು ಕೊಟ್ಟಾಗ ಇದ್ದ ಹಾಗೇ ಇದ್ದವು. ಒಂದರ ಸೀಲೂ ಒಡೆದಿರಲಿಲ್ಲ. ಬ್ರಷ್ಷಿನ ತುದಿಗೆ ಕಂಪನಿಯವರು ಹಾಕಿದ್ದ ಟೋಪಿಯೂ ತೆಗೆದಿರಲಿಲ್ಲ. ಅವರಿಗೆ ಅವತ್ತೇ ಗೊತ್ತಾಗಿತ್ತು.

“ಇವನ್ನೂ ಇಡಿ ಬೀಗರೇ” ಅಂದರು. “ಇವೂ ಆಯುಧವೇ ಅಲ್ವಾ.”

ಕುಹಕವಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನಾನು ತಿರುಗಿಸಿ ಏನಾದರೂ ಅನ್ನುತ್ತಿದ್ದೆ, ಅದು ನನಗೆ ಬರುತ್ತದೆ. ಪೆಟ್ಟಿಗೆ ಇಸಿದುಕೊಂಡು ಗನ್ನಿನ ಪಕ್ಕದಲ್ಲಿಟ್ಟೆ. ಅದಕ್ಕೂ ಕುಂಕುಮ ಇಟ್ಟೆ. ಮಂಗಳಾರತಿಯಾದ ಮೇಲೆ ಅವರು ಕಡ್ಲೆಪುರಿ ತಿನ್ನುತ್ತ ಮರದ ಸ್ಟೂಲಿನ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ ನಿಂತೆ.  ಅವತ್ತು ನಾನು ತಡೆದ ಮಾತನ್ನು ಪೂರ್ತಿ ಹೇಳಿ ಬೀಗರೇ, ಈ ಪ್ಲಾಸ್ಟಿಕ್ಕಿಗೆ ನೀರಿನ ಬಣ್ಣವೇ ಯಾಕೆ ಆಗಬೇಕು ಅಂತ ಮಾತ್ರ ಕೇಳಿದೆ. ಅವರು ಹೇಳಿದರು. ಥಿನ್ನರ್ ತಗುಲಿದರೆ ಅದು ಕರಗುತ್ತದೆ, ಅಂಟಿಸುವುದೂ ಹಾಗೆ ಸ್ವಲ್ಪ ಸ್ವಲ್ಪವೇ ಕರಗಿಸಿಯೇ ಅಂದರು. ಒಂದು ನಿಮಿಷದ ವಿಷಯ.

ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವ ಹಾಗಿಲ್ಲ. ಮಾರನೆಯ ದಿನ ವಿಜಯದಶಮಿ. ಪೆಟ್ಟಿಗೆ ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ಮಗಳೇ ಬಾಗಿಲು ತೆಗೆದಳು. ಒಳಗೆ ಬೀಗಿತ್ತಿ ಗೊಂಬೆಗಳ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು ಅಂತ ದಾರಿಯಲ್ಲೇ ಗಟ್ಟಿಮಾಡಿಕೊಂಡಿದ್ದೆ. ಹೇಳುವಾಗ ಮಾತ್ರ ಚಪ್ಪಲಿ ನೋಡುತ್ತ ಹೇಳಿದೆ.

“ಮಾಲು ಚೆನ್ನಾಗೇ ಇತ್ತು. ಕೆಡಿಸಿದ್ದು ನಾನು. ಮಗೂಗೆ ಅವತ್ತೇ ಗೊತ್ತಿತ್ತು, ನನಗೋಸ್ಕರ ಹಾಗಂದ್ಲು.”

ಬೀಗಿತ್ತಿ ಎಣ್ಣೆಯ ಗಿಂಡಿ ಕೆಳಗಿಟ್ಟು, ಕಾಫಿಗಿಡ್ತೀನಿ ಅಂತ ಒಳಗೆ ಹೋದರು. ಬೀಗರು ರಾಗಿ ಪೈರಿನ ಮಧ್ಯದಿಂದ ವಿಮಾನ ಎತ್ತಿ ತಂದು ಊಟದ ಮೇಜಿನ ಮೇಲಿಟ್ಟರು. ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ನಾನು ಹಳೆಯ ಬಣ್ಣ ಉಜ್ಜಿದೆ, ಅದಾದರೂ ನನಗೆ ಬರುತ್ತಿತ್ತು. ಬಣ್ಣವನ್ನು ಎಷ್ಟು ತೆಳುವಾಗಿ ಕಲಸಬೇಕು ಅಂತ ಅವರು ತೋರಿಸಿದರು. ಬಸ್ಸಿನ ಉದ್ದಕ್ಕೂ ಒಂದೇ ಗೆರೆ ಎಳೆಯುವ ಕೈ ಆ ಸಣ್ಣ ಬ್ರಷ್ಷಿನಲ್ಲಿ ಒಂದು ಇಂಚು ನೆಟ್ಟಗೆ ಎಳೆಯಲಾರದೆ ಹೋಯಿತು. ಅವರು ನನ್ನ ಮುಂಗೈಯನ್ನು ಮೇಜಿಗೆ ಒತ್ತಿ ಹಿಡಿದರು. ಅವರ ನಡುಕ ನನ್ನ ಕೈಗೂ ಬರುತ್ತಿತ್ತು.

ರೆಕ್ಕೆ ಮತ್ತೆ ನೆಟ್ಟಗಾಗಲಿಲ್ಲ. ರಿವೆಟ್ಟುಗಳೂ ವಾಪಸ್ ಬರಲಿಲ್ಲ. ಬಣ್ಣ ಮುಗಿದ ಮೇಲೆ ಬೀಗರು ಒಂದು ಸೂಜಿ ತಂದುಕೊಟ್ಟು, ಬೇಕಾದರೆ ಒಂದು ಸಾಲು ಚುಚ್ಚಿ ನೋಡಿ ಅಂದರು. ಚುಚ್ಚಿದೆ. ಸೊಟ್ಟಸೊಟ್ಟವಾಗಿ ಬಂದವು. ಬಲ ರೆಕ್ಕೆಯ ಅಂಚಿನಲ್ಲಿ ನನ್ನ ಬಣ್ಣ ದಪ್ಪಗೆ ಕೂರದ ಕಡೆ ಒಂದಿಷ್ಟು ಹಳೆಯ ಚುಕ್ಕೆಗಳು ಉಳಿದಿವೆ. ಅವುಗಳ ಪಕ್ಕದಲ್ಲಿ ಇವು ಇನ್ನೂ ಕೆಟ್ಟದಾಗಿ ಕಾಣುತ್ತವೆ.

ಅಷ್ಟು ಹೊತ್ತೂ ಮಗಳು ದೂರ ನಿಂತಿದ್ದಳು. ಹೊರಡುವಾಗ ಗೇಟಿನವರೆಗೆ ಬಂದಳು. ಏನಾದರೂ ಅನ್ನುತ್ತಾಳೆ ಅಂತ ಕಾದೆ. ಅವಳು ನನ್ನ ಬಲಗೈ ಹಿಡಿದು ತಿರುಗಿಸಿ, ಉಗುರಿನ ಸಂದಿಯಲ್ಲಿದ್ದ ಹಸಿರು ಬಣ್ಣ ನೋಡಿದಳು.

“ಇದು ಸೋಪಲ್ಲೇ ಹೋಗುತ್ತಪ್ಪ” ಅಂದಳು. “ಥಿನ್ನರ್ ಹಾಕ್ಬೇಡ.”