ನಲ್ಲಿ ನೀರಿನಲ್ಲಿ ಬೇಯದ ಬೇಳೆ

ನಮ್ಮೂರ ಕೆರೆ ಉಳಿಸಿದ್ದು ನಾನಲ್ಲ, ಊರವರೂ ಅಲ್ಲ. ಬೇಯದೇ ಕುಂತ ತೊಗರಿಬೇಳೆ ಉಳಿಸಿತು.

ರೋಣದ ಕಡೆ ನಮ್ಮ ಎರೆ ಭೂಮಿಯಲ್ಲಿ ನೆಲ ಕೊರೆದರೆ ಉಪ್ಪುಪ್ಪಾದ ಸವುಳು ನೀರೇ ಬರುವುದು. ಅದಕ್ಕೇ ಹಿರಿಯರು ಮಳೆ ನೀರಿಗೆ ಕೆರೆ ಕಟ್ಟಿ, ಅದರಲ್ಲಿ ಬಟ್ಟೆ ಒಗೆಯಬಾರದು, ದನ ಇಳಿಸಬಾರದು, ಚಪ್ಪಲಿ ಏರಿಯ ಮೇಲೇ ಬಿಡಬೇಕು ಅಂತ ಕಟ್ಟು ಮಾಡಿದ್ದರು. ಮುಂದೆ ಬೋರು ಕೊರೆದು ಮನೆ ಮನೆ ಮುಂದೆ ನಲ್ಲಿ ಕೂಡಿಸಿದರು. ಕೊಡ ಹೊರುವುದು ತಪ್ಪಿತಲ್ಲ ಅಂತ ನಾನೂ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಕುಡಿಯಲಿಕ್ಕೆ, ಅಡಿಗೆಗೆ ಮಾತ್ರ ದಿನಕ್ಕೆ ಎರಡು ಕೊಡ ಕೆರೆ ನೀರು ತರುತ್ತಿದ್ದೆವು.

ಕೆರೆಗೆ ಹೋಗುವವರು ಕಡಿಮೆಯಾದದ್ದು ಕಂಡು, ಅದನ್ನು ಮೀನು ಸಾಕುವವರಿಗೆ ಗುತ್ತಿಗೆ ಕೊಡೋಣ ಅಂತ ಪಂಚಾಯಿತಿಯವರು ಹೊರಟರು. ಮೀನಿಗೆ ಕೋಳಿ ಗೊಬ್ಬರ ಸುರಿಯುತ್ತಾರಂತೆ. ಆ ನೀರು ಇನ್ನು ಕುಡಿದಂಗೇ! ಅಧ್ಯಕ್ಷನನ್ನು ದಾರಿಯಲ್ಲೇ ತಡೆದೆ.

“ಆಯಿ, ಕೆರಿ ಸುಮ್ನ ಬಿದ್ದೈತಿ. ಅದರಿಂದ ಊರಿಗೆ ಉತ್ಪನ್ನ ಏನೈತಿ, ನೀನ ಹೇಳು,” ಅಂದ.

ಆ ಮಾತು ತಲೆಯಲ್ಲಿ ಹೊತ್ತುಕೊಂಡು ಮನೆಗೆ ಬಂದೆ.

ಪಂಚಾಯಿತಿ ಸಭೆಯ ದಿನದ ಊಟಕ್ಕೆ ಓಣಿಯಲ್ಲಿ ಮನೆಗೊಂದು ಪಾಳಿ. ಗುತ್ತಿಗೆ ಮಾತಿಗೆ ಬಂದ ಆ ಸಲ ನಮ್ಮದಿತ್ತು. ಸೊಸೆ ಗಡಿಬಿಡಿಯಲ್ಲಿ ಕೊಡ ಅದಲುಬದಲು ಮಾಡಿ, ನಲ್ಲಿ ನೀರಿಗೆ ಬೇಳೆ ಹಾಕಿಬಿಟ್ಟಿದ್ದಳು. ಎರಡು ತಾಸು ಕುದಿಯಿತು.

“ಅತ್ತಿ, ಬ್ಯಾಳಿ ಇನ್ನೂ ಹಲ್ಲಿಗೆ ಕಟಕಟ ಅಂತೈತ್ರಿ. ಸೋಡಾ ಹಾಕ್ಲೇನ್ರಿ?”

“ಏನೂ ಬ್ಯಾಡ. ಇದ್ದದ್ದು ಇದ್ದಂಗ ಬಡಸು.”

ಸವುಳು ನೀರಲ್ಲಿ ಬೇಳೆ ಬೇಯುವುದಿಲ್ಲ ಅಂತ ಊರ ಹೆಂಗಸರಿಗೆಲ್ಲ ಗೊತ್ತು. ಗಂಡಸರು ಒಲೆ ಮುಂದೆ ಕುಂತವರಲ್ಲ. ಸದಸ್ಯರ ಜೊತೆ ನಮ್ಮ ಮನೆಗೆ ಊಟಕ್ಕೆ ಬಂದ ಅಧ್ಯಕ್ಷ ಒಂದು ತುತ್ತು ಬಾಯಿಗಿಟ್ಟು ಕಟಕಟ ಅಗಿದ.

“ಏನ ಆಯಿ, ಹರಳಿನ ಸಾರು ಮಾಡೀಯೇನು?”

“ನಿನ್ನ ನಲ್ಲಿ ನೀರಾಗ ಬೇಯಿಸಿದ್ದಪಾ. ಕೆರಿ ಕೊಟ್ಟ ಮ್ಯಾಲ ದಿನಾ ಇದ. ಉತ್ಪನ್ನ ಕೇಳಿದ್ದಿಯಲ್ಲ? ಮೆತ್ತಗಿನ ಬ್ಯಾಳಿ ಅಂತ ಬರಕೋ.”

ಮುದುಕ ಸದಸ್ಯನೊಬ್ಬ ತಾಟು ಸರಿಸಿದ. “ನನಗ ಇರೂದ ನಾಕು ಹಲ್ಲು. ಗುತ್ತಿಗಿ ಬ್ಯಾಡ್ರಿ!”

ಎಲ್ಲರೂ ನಕ್ಕರು, ಅಧ್ಯಕ್ಷನೂ ನಕ್ಕ. ಅರೆಹೊಟ್ಟೆಯಲ್ಲೇ ಎದ್ದುಹೋಗಿ ಮತ್ತೆ ಸಭೆಗೆ ಕುಂತು, ಗುತ್ತಿಗೆಯ ಮಾತು ಹೊಡೆದುಹಾಕಿದರು. ಸುದ್ದಿ ಕೇಳಿ ಕಟ್ಟೆಯ ಮೇಲೆ ಕಾಲು ಚಾಚಿ ಕುಂತೆ.

ಮರುದಿನ ಬೆಳಿಗ್ಗೆ ನಲ್ಲಿ ತಿರುವಿ, ಆ ನೀರಲ್ಲಿ ಎಮ್ಮೆ ತೊಳೆದೆ.